ಅರಿಶಿನ ತೆಗೆದ ಕೈಗಳು

ಜೀಡಿಮೆಟ್ಲಾದ ಒಂದು ರಾಸಾಯನಿಕ ಕಂಪನಿಯ ವೆಬ್‌ಸೈಟಿನ ಮೊದಲ ಪುಟದಲ್ಲಿ ಹೆಂಗಸೊಬ್ಬಳು ನೀಲಿ ಡ್ರಮ್ಮಿನ ಪಕ್ಕ ನಿಂತು ನಗುತ್ತಿದ್ದಳು. ಅವಳ ಕೈಯಲ್ಲಿ ಕಿತ್ತಳೆ ಬಣ್ಣದ ರಬ್ಬರ್ ಗ್ಲೋವ್ಸ್ ಇದ್ದವು. ಮುಖ ಅವಳದು. ಕೈಗಳು ನನ್ನವು. ಇದು ಹೇಗಾಯಿತು ಎಂಬುದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ನನಗೆ ಅನುಕೂಲವಾಗುವಂತೆ ಎಲ್ಲಿಯೂ ತಿದ್ದುವುದಿಲ್ಲ. ತಿದ್ದುವುದರಲ್ಲಿ ನಾನು ಎಷ್ಟು ಪಳಗಿದವಳು ಎಂದು ನನಗೇ ಗೊತ್ತಿರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಗಿದೆ.

ಮಲ್ಕಾಜ್‌ಗಿರಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕೆಲಸದ ಜಾಗ. ಅಪ್ಪ ರಕ್ಷಣಾ ಕಾರ್ಖಾನೆಯ ನೌಕರಿಗೆಂದು ಧಾರವಾಡದ ಕಡೆಯಿಂದ ಈ ತೆಲುಗು ಸೀಮೆಗೆ ಬಂದು ಇಲ್ಲೇ ನಿಂತವರು. ಅವರು ಹೋದ ಮೇಲೆ ಮನೆಯಲ್ಲಿ ಅವ್ವ ಮತ್ತು ನಾನು. ಮದುವೆಗಳ ಫೋಟೋ ತೆಗೆಯುತ್ತೇನೆ, ಆಲ್ಬಂ ಮಾಡುತ್ತೇನೆ, ಸಣ್ಣ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಎಲ್ಲಕ್ಕೂ ನನ್ನ ಹತ್ತಿರ ಇರುವುದು ಫೋಟೋ ತಿದ್ದುವ ಒಂದೇ ಸಾಫ್ಟ್‌ವೇರ್. ಈಗ ಹೀಗೆ ಯಾರೂ ಮಾಡುವುದಿಲ್ಲ ಎಂದು ನಗುವವರಿದ್ದಾರೆ, ಆದರೆ ನಾನು ಕಲಿತದ್ದು ಹೀಗೇ. ಇಡೀ ವೆಬ್ ಪುಟವನ್ನು ಮೊದಲು ಒಂದು ದೊಡ್ಡ ಚಿತ್ರವಾಗಿ ಮಾಡಿಕೊಳ್ಳುವುದು, ಆಮೇಲೆ ತಟ್ಟೆಯಲ್ಲಿ ಹರಡಿದ ಬರ್ಫಿಯನ್ನು ಕೊಯ್ದಂತೆ ಚೌಕಚೌಕವಾಗಿ ಕೊಯ್ಯುವುದು. ಪ್ರತಿ ತುಂಡೂ ಒಂದು ಬೇರೆ ಫೈಲ್. ನೋಡುವವರಿಗೆ ಎಲ್ಲ ಸೇರಿ ಒಂದೇ ಪುಟ. ಒಂದು ತುಂಡನ್ನು ಬದಲಿಸಬೇಕಾದರೆ ಉಳಿದವನ್ನು ಮುಟ್ಟುವ ಅಗತ್ಯವಿಲ್ಲ.

ಆ ಸಾಫ್ಟ್‌ವೇರಿಗೆ ಒಂದು ಕೆಲಸವನ್ನು ಒಮ್ಮೆ ಮಾಡಿ ತೋರಿಸಿ ಹೆಸರಿಟ್ಟುಬಿಟ್ಟರೆ, ಮುಂದೆ ಅದು ತಾನೇ ಎಷ್ಟು ಫೋಟೋಗಾದರೂ ಅದನ್ನು ಮಾಡುತ್ತ ಹೋಗುತ್ತದೆ. ನಾನು ಹಾಗೆ ಇಟ್ಟುಕೊಂಡದ್ದರಲ್ಲಿ ಒಂದರ ಹೆಸರು ‘ಅರಿಶಿನ ತೆಗೆ’. ತೆಲುಗರದಿರಲಿ, ನಮ್ಮವರದಿರಲಿ, ಅರಿಶಿನ ಹಚ್ಚಿದ ಮರುದಿನ ಮದುಮಗಳ ಕೈ, ಕುತ್ತಿಗೆ ಫೋಟೋದಲ್ಲಿ ಕಾಮಾಲೆ ಬಂದಂತೆ ಕಾಣುತ್ತವೆ. ಮನೆಯವರು ಅದನ್ನು ಒಪ್ಪುವುದಿಲ್ಲ. ಹಳದಿ ಇಳಿಸುವುದು, ಚರ್ಮ ಬೆಳ್ಳಗೆ ಮಾಡುವುದು, ಕಲೆ ಅಳಿಸುವುದು, ಕೊನೆಗೆ ಅದೇ ಹೆಸರಿನಲ್ಲಿ ಉಳಿಸಿ ಮುಚ್ಚುವುದು, ಇಷ್ಟೂ ಅದರಲ್ಲಿತ್ತು. ಫೋಲ್ಡರ್ ತೋರಿಸಿ ಚಹಾ ಕುಡಿದು ಬರುವಷ್ಟರಲ್ಲಿ ಫೋಟೋಗಳೆಲ್ಲ ತಯಾರಾಗಿರುತ್ತಿದ್ದವು.

ಕಂಪನಿಗೆ ಹೋದದ್ದು ಒಂದು ಸೋಮವಾರ ಬೆಳಿಗ್ಗೆ. ಹೊರದೇಶದ ಖರೀದಿದಾರರು ಮೊದಲು ವೆಬ್‌ಸೈಟ್ ನೋಡುತ್ತಾರೆ, ಅದಕ್ಕೇ ಬೇಗ ಬೇಕು ಎಂದು ಮ್ಯಾನೇಜರ್ ಹೇಳಿದ್ದ. ಆಫೀಸು, ಲ್ಯಾಬು, ಗೇಟು ಎಲ್ಲ ತೆಗೆದ ಮೇಲೆ ಹಿಂಭಾಗಕ್ಕೆ ಹೋದೆ. ಅಲ್ಲಿ ಆರು ಹೆಂಗಸರು ಖಾಲಿ ಡ್ರಮ್ಮುಗಳನ್ನು ತೊಳೆಯುತ್ತಿದ್ದರು. ಬೂಟ್ ಪಾಲಿಶ್ ಡಬ್ಬಿ ತೆರೆದಂಥ ವಾಸನೆ, ಅದರ ಕೆಳಗೆ ಏನೋ ಸಿಹಿ. ಆ ಸಿಹಿಯೇ ಹೆಚ್ಚು ಅಸಹ್ಯವಾಗಿತ್ತು. ಗಂಟಲಿನ ಹಿಂಭಾಗಕ್ಕೆ ಹೋಗಿ ಕೂತುಬಿಟ್ಟಿತು. ಡ್ರಮ್ಮಿನಿಂದ ಸುರಿದ ನೀರು ಕಾಲುಗಳ ನಡುವೆ ಹರಿದು ಗಟಾರ ಸೇರುತ್ತಿತ್ತು.

ಅವ್ವ ಫೋನ್ ಮಾಡಿದ್ದಳು. ನಾನು ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿ ಅವರಲ್ಲೊಬ್ಬಳು ತಲೆ ಎತ್ತಿದಳು.

“ಅಕ್ಕಾರ, ನೀವು ನಮ್ಮ ಕಡಿಯವ್ರೇನ್ರೀ?”

“ಹೂಂ, ಧಾರವಾಡದ ಕಡಿ. ನೀವು?”

“ರಾಯಚೂರ ಕಡಿ ರೀ. ನಮ್ಮಿಬ್ಬರನ್ನ ಬಿಟ್ರ ಇಲ್ಲಿ ಎಲ್ಲಾ ತೆಲುಗು, ಬರೇ ಏಮಂಡಿ, ಏಮಂಡಿ. ಈಗ ಕಿವಿ ತಂಪಾತು ನೋಡ್ರಿ.”

ಅವಳ ಕೈಗಳು ಮೊಣಕೈವರೆಗೆ ಹಳದಿಯಾಗಿದ್ದವು. ಅಂಗೈಯ ಗೆರೆಗಳಲ್ಲಿ ಆ ಹಳದಿ ಕಂದಾಗಿತ್ತು. ಉಗುರುಗಳು ಒಣಗಿದ ಮೆಕ್ಕೆಜೋಳದ ಕಾಳಿನಂತಿದ್ದವು. ಬಲಗೈಯ ಎರಡು ಬೆರಳುಗಳ ಸಂದಿನಲ್ಲಿ ಚರ್ಮ ಬಿರಿದಿತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು.

“ನಮಗ ದಿನಾ ಅರಿಶಿನ ಶಾಸ್ತ್ರ ರೀ. ಮದುವಿ ಒಂದ ಇಲ್ಲ.”

“ಈ ವಾಸನಿಗೆ ಯಾವ ಗಂಡ ಬರ್ತಾನ ಬಿಡ!” ಎಂದಳು ಪಕ್ಕದವಳು. ಇಬ್ಬರೂ ನಕ್ಕರು.

“ತೊಳದ್ರ ಹೋಗೂದಿಲ್ಲೇನ?” ಎಂದೆ.

“ಚರ್ಮ ಹೋದ್ರ ಹೋಗತೈತ್ರಿ.”

“ಗ್ಲೋವ್ಸ್ ಕೊಡೂದಿಲ್ಲ?”

“ನೋಡಾಕ ಸಾಹೇಬರು ಬಂದಾಗ ಕೊಡತಾರ. ಅವ್ರು ಹೋದ ಮ್ಯಾಲ ವಾಪಸ್ ಇಸ್ಕೊಳತಾರ.”

ಅವಳನ್ನು ಡ್ರಮ್ಮಿನ ಪಕ್ಕ ನಿಲ್ಲಿಸಿ ಕೆಲವು ಫೋಟೋ ತೆಗೆದೆ. ಬರಿಗೈಗಳನ್ನು ಡ್ರಮ್ಮಿನ ಅಂಚಿನ ಮೇಲೆ ಇಟ್ಟುಕೊಂಡಿದ್ದಳು. ಹೊರಡುವಾಗ ತನ್ನ ನಂಬರ್ ಹೇಳಿದಳು. “ಮಗಳು ಊರಾಗ ನಮ್ಮವ್ವನ ಹಂತ್ಯಾಕ ಅದಾಳ್ರೀ, ಆರನೇತ್ತಾ ಓದಾಕತ್ತಾಳ. ಆಕಿಗೊಂದು ಕಳಸಬೇಕು. ಚಂದ ಮಾಡಿ ಕೊಡ್ರಿ ಮತ್ತ.”

ಮನೆಗೆ ಬಂದವಳು ಕ್ಯಾಮರಾದ ಕಾರ್ಡಿನಿಂದ ಫೋಟೋಗಳನ್ನು ಫೋಲ್ಡರಿಗೆ ಹಾಕಿ, ಇನ್ನೊಂದು ಪ್ರತಿ ಮಾಡಿಕೊಳ್ಳದೆ, ಅಭ್ಯಾಸಬಲದಿಂದ ‘ಅರಿಶಿನ ತೆಗೆ’ ಒತ್ತಿದೆ. ಊಟ ಮಾಡಿ ಬಂದು ತೆರೆದು ನೋಡಿದೆ. ಅವಳ ಕೈಗಳು ಮದುಮಗಳ ಕೈಗಳಾಗಿದ್ದವು. ಹಳದಿ ಇಲ್ಲ, ಬಿರುಕಿಲ್ಲ. ಆ ಕ್ಷಣ ನನಗೆ ಏನೂ ತಪ್ಪಾಗಿ ಕಾಣಲಿಲ್ಲ. ಚಂದ ಬಂದಿದೆ ಅನ್ನಿಸಿತು. ಇದನ್ನು ಬರೆಯದೆ ಬಿಡುವಂತಿಲ್ಲ. ಒಂದನ್ನು ಅವಳ ಫೋನಿಗೆ ಕಳಿಸಿದೆ. “ಅಕ್ಕಾರ, ಇದು ನಾನ ಏನ್ರೀ? ಸಿನಿಮಾದಾಕಿ ಕಂಡಂಗ ಕಾಣಾಕತ್ತೀನಿ!” ಎಂದು ಅವಳ ದನಿ ಬಂತು. ಬುಧವಾರ ಒಂದು ಮದುವೆ ಇತ್ತು, ಕಾರ್ಡನ್ನು ಅಳಿಸಿ ಖಾಲಿ ಮಾಡಿಕೊಂಡೆ.

ಪುಟದ ಮಾದರಿ ನೋಡಿ ಮ್ಯಾನೇಜರ್ ಫೋನ್ ಮಾಡಿದ. “ಮೇಡಂ, ಫೋಟೋ ಬಹುತ್ ಅಚ್ಛಾ. ಲೇಕಿನ್ ಖಾಲೀ ಹಾಥ್ ನಹೀ ಚಲೇಗಾ.” ಬರಿಗೈ ನಡೆಯುವುದಿಲ್ಲ, ಗ್ಲೋವ್ಸ್ ಇರಬೇಕು ಎಂದ. ಇನ್ನೊಮ್ಮೆ ಬಂದು ಗ್ಲೋವ್ಸ್ ಹಾಕಿಸಿ ತೆಗೆಯುತ್ತೇನೆ ಎಂದೆ. ಅಷ್ಟಕ್ಕೆಲ್ಲ ಬರುವುದು ಯಾಕೆ, ನಿಮ್ಮ ಸಾಫ್ಟ್‌ವೇರಿನಲ್ಲಿ ಆಗುವುದಿಲ್ಲವೇ ಎಂದು ಕೇಳಿದ. ಆಗುತ್ತದೆ ಎಂದೆ. ಆಗುವುದಿಲ್ಲ ಎನ್ನುವುದು ನನಗೆ ಅವಮಾನವಾಗಿತ್ತು. ಬೇರೆ ಯಾವ ಒತ್ತಾಯವೂ ಇರಲಿಲ್ಲ.

ಅವ್ವನ ಪಾತ್ರೆ ತೊಳೆಯುವ ಗ್ಲೋವ್ಸ್ ಸಿಂಕಿನ ಮೇಲೆ ಒಣಗುತ್ತಿದ್ದವು. ಬೇಗಂ ಬಜಾರಿನಿಂದ ನಾನೇ ತಂದದ್ದು. ಕ್ಯಾಮರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಬೆಳಕು ಎಡಗಡೆಯಿಂದ ಬೀಳುವಂತೆ ಕಿಟಕಿ ತೆರೆದು, ಗ್ಲೋವ್ಸ್ ತೊಟ್ಟ ಎರಡೂ ಕೈಗಳನ್ನು ದೊಡ್ಡ ಕುಕ್ಕರಿನ ಅಂಚಿನ ಮೇಲೆ ಇಟ್ಟು ನಿಂತೆ. ಆ ಕೈಗಳನ್ನು ಕತ್ತರಿಸಿ ಅವಳ ತೋಳಿಗೆ ಹೊಂದಿಸಿದೆ, ಕೆಳಗೆ ನೆರಳು ಬರೆದೆ. ಪುಟದಲ್ಲಿ ಅವಳ ಮುಖ ಒಂದು ತುಂಡು, ಕೈಗಳು ಇನ್ನೊಂದು ತುಂಡು. ಕೈಗಳ ತುಂಡೊಂದನ್ನೇ ಬದಲಿಸಿದೆ. ಜೋಡಣೆ ಎಲ್ಲಿಯೂ ಕಾಣುತ್ತಿರಲಿಲ್ಲ.

ವೆಬ್‌ಸೈಟ್ ಬಂದ ದಿನ ಅವ್ವನಿಗೆ ಫೋನಿನಲ್ಲಿ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, “ಇವು ನಮ್ಮ ಮುಸುರಿ ಗ್ಲೋವ್ಸ್ ಅಲ್ಲೇನ?” ಎಂದಳು. ಆಮೇಲೆ ಇನ್ನೂ ಹತ್ತಿರ ಹಿಡಿದು, “ಕೈನೂ ನಿಂದ ಐತಿ. ಈ ಸೊಟ್ಟ ಬೆರಳ ನನಗ ಗುರ್ತ ಸಿಗೂದಿಲ್ಲೇನ?” ಎಂದಳು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕು ಮುರಿದ ನನ್ನ ಎಡಗೈ ಕಿರುಬೆರಳು ಹೊರಕ್ಕೆ ಬಾಗಿದೆ. ರಬ್ಬರಿನೊಳಗೂ ಅದು ಬಾಗಿಯೇ ಇತ್ತು. “ಆಕಿ ಕೈಗೇನಾಗಿತ್ತ?” ಎಂದು ಅವ್ವ ಕೇಳಿದಳು. ಏನೂ ಇಲ್ಲ ಎಂದೆ.

ಇನ್ನೂ ಒಂದಿದೆ. ನಾನು ಇಷ್ಟಪಟ್ಟು ತೆಗೆದ ಫೋಟೋಗಳನ್ನು ಹಂಚಿಕೊಳ್ಳಲು ನನ್ನದೇ ಒಂದು ಸಣ್ಣ ವೆಬ್‌ಸೈಟ್ ಇದೆ. ಅಲ್ಲಿಗೆಂದು ಅವಳ ಕೈಗಳಷ್ಟನ್ನು ಕತ್ತರಿಸಿ ಕಪ್ಪು ಬಿಳುಪು ಮಾಡಿದೆ. ಮೊದಲು ನುಣುಪಾಗಿಸಿದ್ದನ್ನೇ ಈಗ ಒರಟಾಗಿಸಿದೆ, ಕಲೆಗೆ ಬೇಕಾದಷ್ಟು ಬಿರುಕು ತಂದೆ. ಕೆಳಗೆ ‘ಶ್ರಮ’ ಎಂದು ಬರೆದೆ. ಗುರುತಿಲ್ಲದವರು ಹೊಗಳಿದರು. ಒಬ್ಬರು ಈ ಕೈಗಳಲ್ಲಿ ಭೂಮಿಯೇ ಕಾಣುತ್ತದೆ ಎಂದು ಬರೆದರು. ನಾನು ಅವರಿಗೆ ಕೈಮುಗಿದ ಚಿತ್ರ ಕಳಿಸಿದೆ. ಈಗ ನೆನೆದರೆ ಆ ಡ್ರಮ್ಮಿನ ಸಿಹಿ ವಾಸನೆ ಬರುತ್ತದೆ, ಬಾಯಿ ತೊಳೆದುಕೊಳ್ಳಬೇಕೆನಿಸುತ್ತದೆ.

ಹತ್ತು ತಿಂಗಳ ಮೇಲೆ ಅವಳು ಫೋನ್ ಮಾಡಿ ಮನೆಗೆ ಬಂದಳು. ಬಲಗೈಗೆ ಬಟ್ಟೆ ಸುತ್ತಿತ್ತು. ಬಿಚ್ಚಿ ತೋರಿಸಿದಳು. ಎರಡು ಬೆರಳು ಮಡಚುತ್ತಿರಲಿಲ್ಲ, ಸಂದಿನಲ್ಲಿ ಹುಣ್ಣು ಒಸರುತ್ತಿತ್ತು. ಅವ್ವ ಒಳಗೆ ಹೋಗಿಬಿಟ್ಟಳು. ನಾಲ್ಕು ತಿಂಗಳಿಂದ ಕೆಲಸವಿಲ್ಲ. ಕೈಯ ಹಳದಿ ಹೋಗಿತ್ತು, ಉಗುರುಗಳು ಹೊಸದಾಗಿ ಬೆಳೆದಿದ್ದವು. ಇದು ಕೆಲಸದಿಂದ ಬಂದ ಗಾಯ ಎಂದು ಸರಕಾರಿ ಅಧಿಕಾರಿ ಬರೆದುಕೊಟ್ಟರೆ ಮಾತ್ರ, ಕೆಲಸಗಾರರಿಗೆ ಬಿಟ್ಟಿ ಚಿಕಿತ್ಸೆ ಕೊಡಿಸುವ ಆಸ್ಪತ್ರೆಯ ಕಾರ್ಡು ಮುಂದುವರಿದು ಬೆರಳುಗಳ ಚಿಕಿತ್ಸೆ ಆಗುತ್ತದೆ. ಕಂಪನಿಯವರು ಇದು ಅವಳಿಗೆ ಮೊದಲಿನಿಂದ ಇದ್ದ ಚರ್ಮರೋಗ, ನಾವು ಎಲ್ಲರಿಗೂ ಗ್ಲೋವ್ಸ್ ಕೊಡುತ್ತೇವೆ ಎಂದು ಹೇಳಿ, ಸಾಕ್ಷಿಗೆ ವೆಬ್‌ಸೈಟಿನ ಪುಟವನ್ನೇ ಪ್ರಿಂಟ್ ತೆಗೆದು ಕೊಟ್ಟಿದ್ದರು.

“ನಾ ಯಾವಾಗ ಹಾಕ್ಕೊಂಡಿದ್ದೆ ಅಂತ ನೆನಸಾಕತ್ತೀನ್ರಿ, ನೆನಪ ಆಗವಲ್ದು,” ಎಂದಳು. ನನ್ನ ಮೇಲೆ ಅವಳಿಗೆ ಅನುಮಾನವೇ ಇರಲಿಲ್ಲ. “ಅವತ್ತ ನೀವು ಬರಿಗೈದು ತಗದಿದ್ರೆಲ್ಲ, ಹಳದಿ ಕೈದು? ಅದೊಂದು ಕೊಡ್ರಿ, ಸಾಕು.”

ನಾನು ಹುಡುಕಿದೆ. ಫೋಲ್ಡರ್, ಹಳೆಯ ಡಿಸ್ಕ್, ಕಾರ್ಡು. ಕಾರ್ಡಿನ ಮೇಲೆ ಅಷ್ಟರಲ್ಲಿ ಎಷ್ಟೋ ಮದುವೆಗಳು ಬಂದು ಹೋಗಿದ್ದವು. ಅವಳು ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು ಪರದೆ ನೋಡುತ್ತಿದ್ದಳು. ನನ್ನ ಹತ್ತಿರ ಅವಳ ಕೈಗಳು ಮೂರು ಬಗೆಯಲ್ಲಿ ಇದ್ದವು, ಬೆಳ್ಳಗಿನವು, ಕಪ್ಪು ಬಿಳುಪಿನವು, ರಬ್ಬರಿನವು. ಅವಳವು ಇರಲಿಲ್ಲ. ನಾನು ಮಾಡಿದ್ದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಸ್ಟೂಲಿನಿಂದ ಎದ್ದು, “ಮತ್ತ ಇದನ್ನ ಅಲ್ಲಿ ಬಂದು ಹೇಳ್ರಿ,” ಎಂದಳು.

ಕಾರ್ಮಿಕರ ದೂರು ಕೇಳುವ ಕಚೇರಿಗೆ ಇಬ್ಬರೂ ಹೋದೆವು. ಮ್ಯಾನೇಜರ್ ಆಗಲೇ ಕೂತಿದ್ದ, ನನಗೆ ನಮಸ್ಕಾರ ಹೇಳಿದ. ಅವಳು ಮಗಳಿಗೆ ಕಳಿಸಿದ ಫೋಟೋವನ್ನು ತನ್ನ ಫೋನಿನಲ್ಲಿ ಅಧಿಕಾರಿಗೆ ತೋರಿಸಿದಳು, ಇದರಲ್ಲಿ ಬರಿಗೈ ಇದೆ ನೋಡಿ ಎಂದು. ಮ್ಯಾನೇಜರ್ ಬಗ್ಗಿ ನೋಡಿ, ಫೋಟೋಗಾಗಿ ಗ್ಲೋವ್ಸ್ ಬಿಚ್ಚಿರಬೇಕು, ಗ್ಲೋವ್ಸ್ ಇಲ್ಲದೆ ಡ್ರಮ್ಮು ತೊಳೆಯುವವಳ ಕೈ ಇಷ್ಟು ಶುಭ್ರವಾಗಿರುತ್ತದೆಯೇ ಎಂದು ಕೇಳಿದ. ಅವಳಿಗೆ ಚಂದ ಕಾಣಲೆಂದು ನಾನು ಮಾಡಿದ ಕೈ ಅದು.

ಚೀಲದಿಂದ ಕಿತ್ತಳೆ ಗ್ಲೋವ್ಸ್ ತೆಗೆದು ತೊಟ್ಟು, ಪ್ರಿಂಟಿನ ಪಕ್ಕ ಮೇಜಿನ ಮೇಲೆ ನನ್ನ ಕೈಗಳನ್ನು ಇಟ್ಟೆ. ಎಡಗೈ ಕಿರುಬೆರಳು ನೋಡಿ ಎಂದೆ. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಎರಡನ್ನೂ ಬಹಳ ಹೊತ್ತು ನೋಡಿದ. ಮ್ಯಾನೇಜರ್ ಕಿಟಕಿಯ ಕಡೆ ತಿರುಗಿದ.

“ಹಾಗಾದರೆ ಇದನ್ನು ಸುಳ್ಳು ಮಾಡಿದ್ದು ನೀವು,” ಎಂದು ಅಧಿಕಾರಿ ತೆಲುಗಿನಲ್ಲಿ ಹೇಳಿದ.

“ಹೌದು.”

“ಅವಳ ಫೋನಿನಲ್ಲಿರುವುದನ್ನೂ ಮಾಡಿದ್ದು ನೀವೇ.”

“ಹೌದು.”

“ಒರಿಜಿನಲ್ ಏದಿ ಅಮ್ಮಾ?”

ಒರಿಜಿನಲ್ ಇಲ್ಲ ಎಂದೆ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ತಟ್ಟೆಯಲ್ಲಿ ಕೂದಲು ಸಿಕ್ಕವನ ಮುಖ ಹೇಗಿರುತ್ತದೋ ಹಾಗಿತ್ತು. ಅವಳು ಬಟ್ಟೆ ಬಿಚ್ಚಿ, “ಫೋಟೋ ಬಿಡ್ರಿ ಸಾಹೇಬರ, ಕೈನ ಇಲ್ಲೈತಿ, ನೋಡ್ರಿ,” ಎಂದು ಕನ್ನಡದಲ್ಲೇ ಹೇಳಿ ಕೈ ಮುಂದಿಟ್ಟಳು. ಅಧಿಕಾರಿ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡ. ಆಮೇಲೆ ನನ್ನ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿಕೊಂಡ. ಎರಡೂ ಫೋಟೋಗಳನ್ನು ಪರಿಗಣಿಸುವುದಿಲ್ಲ, ದೊಡ್ಡ ಆಸ್ಪತ್ರೆಯ ವೈದ್ಯರು ಕೈಯನ್ನೇ ಪರೀಕ್ಷಿಸಿ ವರದಿ ಕೊಡಲಿ, ಅಲ್ಲಿಯ ತನಕ ಆಸ್ಪತ್ರೆಯ ಕಾರ್ಡು ನಿಲ್ಲಿಸಬಾರದು ಎಂದು ಬರೆದ. ಆ ವರದಿ ಇನ್ನೂ ಬಂದಿಲ್ಲ.

ಮರುದಿನ ಕಂಪನಿಯ ವೆಬ್‌ಸೈಟ್ ತೆರೆದು ನೋಡಿದೆ. ಕೈಗಳ ತುಂಡನ್ನು ಯಾರೋ ತೆಗೆದಿದ್ದರು. ಉಳಿದವನ್ನು ಮುಟ್ಟಿರಲಿಲ್ಲ. ಅವಳು ಮೊದಲಿನಂತೆಯೇ ನಗುತ್ತಿದ್ದಳು. ಎದೆಯ ಕೆಳಗೆ ಬಿಳಿಯ ಚೌಕವಿತ್ತು.

ಒಂದನ್ನು ಮಾತ್ರ ಕ್ರಮ ತಪ್ಪಿಸಿ ಕೊನೆಗೆ ಇಟ್ಟಿದ್ದೇನೆ. ಹಿಂದಿನ ದಿನ ಕಚೇರಿಯಿಂದ ಹೊರಬಂದಾಗ ಮೆಟ್ಟಿಲ ಮೇಲೆ ಒಳ್ಳೆಯ ಬಿಸಿಲಿತ್ತು. ವೈದ್ಯರಿಗೆ ತೋರಿಸಲು ಇರಲಿ ಎಂದು ಅವಳ ಎರಡೂ ಕೈಗಳನ್ನು, ಹಿಂದೆ ಮುಂದೆ, ಒಂದೊಂದು ಬೆರಳನ್ನೂ ತೆಗೆದೆ. ಅವಳು ಕ್ಯಾಮರಾದ ಪರದೆಯಲ್ಲಿ ನೋಡಿದಳು.

“ಮಗಳು ಕೈ ಹೆಂಗೈತಿ ತೋರಸು ಅಂತ ದಿನಾ ಕೇಳಾಕತ್ತಾಳ್ರೀ. ಇದನ್ನ ಸ್ವಲ್ಪ ಚಂದ ಮಾಡಿ ಕೊಡ್ರಿ. ಹಿಂಗ ಕಳಸಿದ್ರ ಅಂಜತಾಳ.”

“ಆಗೂದಿಲ್ಲ ತಂಗಿ.”

“ಅವಾಗ ಆಗಿತ್ತಲ್ರೀ.”

ಅವಳು ನನ್ನ ಮುಖ ನೋಡಿ, ಕೈಗೆ ಮತ್ತೆ ಬಟ್ಟೆ ಸುತ್ತಿಕೊಂಡಳು, ಕೂದಲು ಸರಿಮಾಡಿಕೊಂಡಳು, ಆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

“ಹಂಗಾರ ಮಾರಿ ಅಷ್ಟ ತಗೀರಿ,” ಎಂದಳು.

ನಾನು ಮುಖವಷ್ಟನ್ನೇ ತೆಗೆದೆ.