ಕಡಲು ಮುಚ್ಚಿದ ತಿಂಗಳುಗಳು

ಇದನ್ನು ಹೇಳಬೇಕು ಅಂದುಕೊಂಡಾಗಲೆಲ್ಲ, ಈ ಮಳೆಗಾಲ ಕಳೆಯಲಿ ಎಂದು ಮುಂದಕ್ಕೆ ಹಾಕುತ್ತಲೇ ಬಂದೆ. ಹಾಗೆ ಮುಂದಕ್ಕೆ ಹಾಕಲು ಈಗ ನನ್ನ ಬಳಿ ಹೆಚ್ಚು ಮಳೆಗಾಲಗಳು ಉಳಿದಿಲ್ಲ. ಮೊನ್ನೆ ಯಾದವಗಿರಿಯ ಕ್ಷೌರದಂಗಡಿಯಲ್ಲಿ ಕತ್ತಿನ ಸುತ್ತ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದೆ. ಹೊರಗೆ ಸಣ್ಣಗೆ ಮಳೆ. ಗೋಡೆಯ ಮೇಲಿನ ಟಿವಿಯಲ್ಲಿ ಒಬ್ಬ ಹೆಣ್ಣುಮಗಳು, ಕರಾವಳಿಯಲ್ಲಿ ಬಿರುಗಾಳಿ ಬೀಸುವ ಸಂಭವವಿದೆ, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು ಓದುತ್ತಿದ್ದಳು. ಅಂಗಡಿಯ ಹುಡುಗ ನಕ್ಕ. "ನಮ್ಗ್ಯಾಕ್ ಸಾರ್ ಇದು? ನಮ್ಮೂರಲ್ಲಿರೋದು ಕುಕ್ಕರಹಳ್ಳಿ ಕೆರೆ" ಎಂದು ಚಾನೆಲ್ ಬದಲಿಸಲು ಕೈ ಚಾಚಿದ. "ತಡಿಯಪ್ಪ, ಅದು ಪೂರ್ತಿ ಮುಗೀಲಿ" ಎಂದೆ. ನನ್ನ ದನಿ ಕೇಳಿ ಅವನು ಕತ್ತರಿಯನ್ನು ಗಾಳಿಯಲ್ಲೇ ನಿಲ್ಲಿಸಿದ. ಕನ್ನಡಿಯಲ್ಲಿ ಅರ್ಧ ಕತ್ತರಿಸಿದ ನರೆತ ತಲೆಯೊಂದು ನನ್ನನ್ನೇ ನೋಡುತ್ತಿತ್ತು. ಆ ಮಾತು ಮುಗಿಯುವ ಮೊದಲೇ ನಾನು ಕೆಸರೆಯ ಮನೆಯ ಜಗಲಿಗೆ ಹೋಗಿ ಕೂತುಬಿಟ್ಟಿದ್ದೆ.

ಕೆಸರೆಯಲ್ಲಿ ಆಗ ಮನೆಗಳ ಹಿಂದೆಯೇ ಹೊಲ. ನಮ್ಮದು ತಗ್ಗು ಮಾಡಿನ ಮನೆ. ಒಳಗೆ ಕಾಲಿಟ್ಟರೆ ಹಸಿ ಗೋಡೆ, ಹುರಿದ ರಾಗಿ, ಸೌದೆ ಹೊಗೆ ಮೂರೂ ಸೇರಿದ ಒಂದು ವಾಸನೆ. ಅದು ಈಗ ಎಲ್ಲಿಯೂ ಸಿಗುವುದಿಲ್ಲ, ಸಿಕ್ಕಿದರೂ ಮೂರೂ ಒಟ್ಟಿಗೆ ಸಿಗುವುದಿಲ್ಲ. ನನ್ನನ್ನು ಹೆತ್ತವಳು ನನಗೆ ನೆನಪಿಲ್ಲ. ಅಪ್ಪ ಲಾರಿ ಓಡಿಸುತ್ತಿದ್ದವರು, ಮನೆಗೆ ನೆಂಟರ ಹಾಗೆ ಬರುತ್ತಿದ್ದರು. ನನ್ನನ್ನು ಸಾಕಿದವಳು ಅಪ್ಪನ ತಂಗಿ, ನನ್ನ ಅತ್ತೆ. ನಡುಮನೆಯಲ್ಲಿ ಅವಳ ಚಾಪೆಯ ಗೋಡೆ ಬದಿಯ ಜಾಗ ನನ್ನದು. ನಿದ್ದೆಯಲ್ಲೂ ಅವಳ ಕೈ ನನ್ನ ತಲೆಯ ಮೇಲಿರುತ್ತಿತ್ತು. ಬೆರಳುಗಳಲ್ಲಿ ಬೆಳ್ಳುಳ್ಳಿಯ ವಾಸನೆ. ಮುದ್ದೆ ಪಾತ್ರೆಯ ತಳಕ್ಕೆ ಹಿಡಿದ ಗರಿಗರಿ ಹಕ್ಕಳೆಯನ್ನು ಅವಳು ಸೌಟಿನಿಂದ ಎಬ್ಬಿಸಿ, ತುಪ್ಪ ಸವರಿ ನನ್ನ ಕೈಗೇ ಕೊಡುತ್ತಿದ್ದಳು. ನನ್ನ ಪಾಲಿಗೆ ಆ ಮನೆಯೆಂದರೆ ಇಷ್ಟೇ: ಆ ಜಾಗ, ಆ ಕೈ, ಆ ಹಕ್ಕಳೆ.

ಅತ್ತೆಯ ಗಂಡ ಕರಾವಳಿಯವರು. ಒಂದು ಮಳೆಗಾಲ ಯಾದವಗಿರಿಯ ಬಂಗಲೆಯೊಂದರ ಸೋರುವ ಹೆಂಚು ಸರಿಮಾಡಲು ಬಂದಿದ್ದರಂತೆ. ಅಜ್ಜಿ ಆ ಬಂಗಲೆಯಲ್ಲಿ ಕಸಮುಸುರೆಗೆ ಹೋಗುತ್ತಿದ್ದಳು, ಜೊತೆಗೆ ಅತ್ತೆಯೂ. ದೋಣಿಯಲ್ಲಿ ನಿಂತು ರೂಢಿಯಾದವರಿಗೆ ಜಾರುವ ಮಾಡು ಏನೂ ಅಲ್ಲ, ಬರಿಗಾಲಲ್ಲಿ ನಡೆದಾಡುತ್ತಿದ್ದರು ಎಂದು ಅತ್ತೆ ಎಷ್ಟೋ ವರ್ಷಗಳ ಮೇಲೂ ಹೇಳುವಾಗ ಅವಳ ಕಣ್ಣು ಮೇಲಕ್ಕೇ ಇರುತ್ತಿತ್ತು. ಮದುವೆಯಾಯಿತು. ಮಾವ ಕಡಲಿನವರಾಗಿಯೇ ಉಳಿದರು. ಅಲ್ಲಿ ಮಳೆ ಹಿಡಿದು ಬಂದರಿನ ಕಂಬಕ್ಕೆ ಕೆಂಪು ಬಾವುಟ ಏರಿದರೆ ದೋಣಿಗಳೆಲ್ಲ ದಡಕ್ಕೆ. ಮಾವ ಒಣಸಿಗಡಿಯ ಗಂಟು ಹೊತ್ತು ಮೈಸೂರಿಗೆ ಬಂದರೆ, ಕಡಲು ತೆರೆಯುವವರೆಗೆ ನಮ್ಮ ಜೊತೆ. ಊರಿನವರಿಗೆಲ್ಲ ಮಳೆಗಾಲವೆಂದರೆ ಕೆಸರು. ಅತ್ತೆಗೆ ಅದೇ ಹಬ್ಬ. "ನಿನ್ ಗಂಡ ಮಳೆಗ್ ಬರೋ ಕಪ್ಪೆ ಕಣೇ" ಎಂದು ಅಜ್ಜಿ ಛೇಡಿಸಿದರೆ, "ಕಪ್ಪೆಯಾದ್ರೂ ವಟಗುಟ್ತದೆ ಕಣವ್ವ, ಇವ್ರು ಅದೂ ಇಲ್ಲ" ಎಂದು ಅತ್ತೆ ನಗುತ್ತಿದ್ದಳು.

ಆದರೆ ನನ್ನೊಂದಿಗೆ ಮಾವ ಮಾತಾಡುತ್ತಿದ್ದರು. ಮನೆಯ ಮುಂದಿನ ಮಳೆನೀರಿನ ಕಾಲುವೆಯಲ್ಲಿ ಮರಳು ತಂದು ದಿಬ್ಬ ಕಟ್ಟಿ, ಕಾಗದದ ದೋಣಿ ಬಿಟ್ಟು ತೋರಿಸುತ್ತಿದ್ದರು. ನದಿ ಕಡಲನ್ನು ಸೇರುವ ಬಾಯಿಗೆ ಅಳಿವೆ ಅಂತ ಹೆಸರು. ಅಲ್ಲಿ ನೀರಿನಡಿ ಒಂದು ಮರಳ ದಿಬ್ಬ ಮಲಗಿರುತ್ತದೆ. ಪ್ರತಿ ಮಳೆಗೂ ಅದು ಮಗ್ಗುಲು ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. "ದೋಣಿಗೆ ಹೆದರಿಕೆ ಆಳ ಇದ್ದಲ್ಲಿ ಅಲ್ಲ ಮಾರಾಯ, ನೀರು ಕಮ್ಮಿ ಇದ್ದಲ್ಲಿ" ಎನ್ನುತ್ತಿದ್ದರು. ಮಳೆ ಇಳಿದ ಮೇಲೆ ಯಾರಾದರೂ ಸಣ್ಣ ದೋಣಿಯಲ್ಲಿ ಹೋಗಿ, ಬಿದಿರ ಗಳ ಇಳಿಸಿ ಆಳ ನೋಡಿ, ಹೊಸ ದಾರಿಯ ಎರಡೂ ಬದಿಗೆ ಬಟ್ಟೆ ಕಟ್ಟಿದ ಗೂಟ ನೆಟ್ಟ ಮೇಲೆಯೇ ಉಳಿದವರು ದಾಟುವುದು. ಅತ್ತೆಯ ಪೊರಕೆಯಿಂದ ಕಡ್ಡಿ ಕಿತ್ತು, ಕೆಂಪು ದಾರ ಸುತ್ತಿ ನಾವು ಕಾಲುವೆಯುದ್ದಕ್ಕೂ ಗೂಟ ನೆಡುತ್ತಿದ್ದೆವು. "ಇರೋ ಪೊರಕೇನೆಲ್ಲ ಸಮುದ್ರಕ್ಕೆ ಹಾಕ್ಬುಡಿ, ನಾನು ಸೆರಗಲ್ಲಿ ಗುಡಿಸ್ತೀನಿ" ಎಂದು ಅತ್ತೆ ಬಾಗಿಲಲ್ಲಿ ನಿಂತು ಬಯ್ಯುತ್ತಿದ್ದಳು. ಆ ಬೈಗುಳದಲ್ಲಿ ಎಷ್ಟು ಸುಖವಿತ್ತು ಎಂದು ಈಗ ಕೇಳಿಸುತ್ತದೆ.

ನನಗೆ ಮಾವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಹಗಲೆಲ್ಲ ಪ್ರೀತಿಯೇ. ದೀಪ ಹಚ್ಚಿದ ಮೇಲೆ ಮಾತ್ರ ನನ್ನ ಚಾಪೆ ಅಜ್ಜಿಯ ಕೋಣೆಗೆ ಹೋಗುತ್ತಿತ್ತು. ಗೋಡೆಯಾಚೆ ಅತ್ತೆ ಮೆಲ್ಲಗೆ ನಗುವುದು ಕೇಳುತ್ತಿತ್ತು. ನನ್ನ ಮುಂದೆ ಅವಳು ಎಂದೂ ನಗದ ನಗೆ ಅದು. ಮಾವ ಆಗ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದರು. ಆ ಮನೆಯಲ್ಲಿ ಬೇರೆ ಯಾರ ಬಾಯಲ್ಲೂ ಅವಳ ಪೂರ್ತಿ ಹೆಸರು ನಾನು ಕೇಳಿದವನಲ್ಲ.

ಆ ವರ್ಷ ಶ್ರಾವಣದ ಹುಣ್ಣಿಮೆ ಕಳೆದು ಸಮುದ್ರಪೂಜೆ ಆಗಿದ್ದರೂ ಗಾಳಿ ಇಳಿದಿರಲಿಲ್ಲ. ಸಂಜೆಯ ವಾರ್ತೆಯ ಕೊನೆಗೆ ರೇಡಿಯೋದಲ್ಲಿ ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆ ದಿನವೂ ಬರುತ್ತಿತ್ತು. ಅದು ನಿಂತ ದಿನ ಕಡಲು ತೆರೆಯಿತೆಂದು ಲೆಕ್ಕ. ಒಡನೆ ಹೋಗಿ ಸೇರಿಕೊಂಡವರಿಗೆ ದೋಣಿಯಲ್ಲಿ ಜಾಗ. ತಡವಾದರೆ ಆ ವರ್ಷವೆಲ್ಲ ದಡದಲ್ಲಿ ಕೂಲಿ. ನಮ್ಮಲ್ಲಿ ರೇಡಿಯೋ ಇರಲಿಲ್ಲ. ಟೀ ಅಂಗಡಿಗೆ ಮಾವ ಹೋದರೆ, "ಏನಪ್ಪಾ ಮನೆ ಅಳಿಯ, ಅತ್ತೆ ಮನೆ ಮುದ್ದೆ ಇನ್ನೂ ಇಳೀತೈತಾ?" ಎಂದು ಕೂತವರು ಕಿಚಾಯಿಸುತ್ತಿದ್ದರು. ಆದ್ದರಿಂದ ಕೇಳಿಕೊಂಡು ಬರುವ ಕೆಲಸ ನನ್ನದಾಗಿತ್ತು.

ಗೌರಿಹಬ್ಬ ಹತ್ತಿರವಿತ್ತು. ಆ ಮಧ್ಯಾಹ್ನ ಅತ್ತೆ ಹಕ್ಕಳೆಗೆ ತುಪ್ಪ ಸವರಿ, ನನ್ನ ಚಾಚಿದ ಕೈಯನ್ನು ನೋಡದೆಯೇ ಮಾವನ ತಟ್ಟೆಗೆ ಹಾಕಿದಳು. ಕಾರಣ ಇಷ್ಟು ಸಣ್ಣದು ಎಂದು ಬರೆಯಲು ಈಗಲೂ ನಾಚಿಕೆ. ಸಂಜೆ ಟೀ ಅಂಗಡಿಯ ಮುಂದೆ ಗೋಣಿಚೀಲ ಹೊದ್ದು ನಿಂತೆ. ಎಚ್ಚರಿಕೆಯನ್ನು ಓದಿದರು, ಒಂದು ಮಾತೂ ಬಿಡದೆ ಓದಿದರು. ನಾನು ಕೆಸರು ತುಳಿಯುತ್ತ ಮನೆಗೆ ಬಂದೆ. ಮಾವ ಜಗಲಿಯಲ್ಲಿ ಬಲೆ ಹೆಣೆಯುವ ಮರದ ಸೂಜಿ ಹಿಡಿದು ಕೂತಿದ್ದರು.

"ಎಂತ ಹೇಳಿದ್ರು?"

"ಇವತ್ತು ಹೇಳ್ಲಿಲ್ಲ ಮಾವ. ವಾರ್ತೆ ಮುಗಿದಿದ್ದೇ ಹಾಡು ಹಾಕ್ಬುಟ್ರು."

ಅವರು ಸೂಜಿ ಕೆಳಗಿಟ್ಟರು. ಒಳಗಿನಿಂದ ಬಂದ ಅತ್ತೆಯ ಮುಖ ನೋಡುತ್ತ, "ಗೌರಿ ಮುಗ್ಸಿ ಹೋಗ್ಲಾ?" ಎಂದರು. ಉಳಿಯಿರಿ ಎನ್ನಲಿ ಎಂದೇ ಕೇಳಿದ್ದು, ನನಗೂ ಗೊತ್ತಾಗುವಷ್ಟು. ಅತ್ತೆ ನಗು ತಂದುಕೊಂಡಳು. "ಹೋಗಿ ಹೋಗಿ. ಆಮೇಲೆ ಜಾಗ ಹೋಯ್ತು ಅಂತ ವರ್ಷವೆಲ್ಲ ನನ್ಮೇಲೆ ಗೊಣಗ್ತೀರ. ಹಬ್ಬ ಎಲ್ಲಿಗೂ ಓಡೋಗಲ್ಲ." ಅವಳೇ ಬಟ್ಟೆ ಮಡಿಸಿದಳು, ಅವಳೇ ಬುತ್ತಿ ಕಟ್ಟಿದಳು. ಮಡಿಕೇರಿ ಕಡೆಯ ಬಸ್ಸಿಗೆ ಮಾವ ಹೋದರು. ಅಂದು ನನ್ನ ಜಾಗ ನನಗೆ ಸಿಕ್ಕಿತು. ಅತ್ತೆ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದಳು. ಕೈ ಮಾತ್ರ ನನ್ನ ತಲೆಯ ಮೇಲೆ ಬರಲಿಲ್ಲ.

ಮಾವ ಬಂದರಿನಲ್ಲಿ ಇಳಿದಾಗ ಕಂಬದ ಮೇಲೆ ಕೆಂಪು ಬಾವುಟ ಹಾಗೇ ಹಾರುತ್ತಿತ್ತು. ದೋಣಿಯ ಯಜಮಾನ, ಹೇಗೂ ಬಂದಿದ್ದೀಯಲ್ಲ, ದಾಟುವುದು ಬೇಡ, ದಿಬ್ಬ ಎಲ್ಲಿಗೆ ಸರಿದಿದೆ ನೋಡಿಬರೋಣ ಎಂದು ಸಣ್ಣ ದೋಣಿಗೆ ಹತ್ತಿಸಿಕೊಂಡ. ಹೊಳೆಯ ಸೆಳೆತ ಅವರನ್ನು ಆ ದಿಬ್ಬದ ಮೇಲೇ ಎಸೆಯಿತು. ಉಳಿದವರು ಈಜಿ ದಡ ಸೇರಿದರು. ಮಗುಚಿದ ದೋಣಿಯ ಅಡಿಗೆ ಮಾವನ ಮಂಡಿ ಸಿಕ್ಕಿತ್ತು.

ದೀಪಾವಳಿಯ ಹೊತ್ತಿಗೆ ಅಪ್ಪ ಅವರನ್ನು ಲಾರಿಯಲ್ಲಿ ಮಲಗಿಸಿಕೊಂಡು ಕರೆತಂದರು. ಮಾವ ಮತ್ತೆ ಕಡಲಿಗೆ ಇಳಿಯಲಿಲ್ಲ. ಅದೇ ಮರದ ಸೂಜಿಯಲ್ಲಿ ಜಯಲಕ್ಷ್ಮಿಪುರಂ ಕಡೆಯ ಆಟದ ಮೈದಾನಗಳಿಗೆ ವಾಲಿಬಾಲ್ ನೆಟ್ ಹೆಣೆದುಕೊಂಡು ಬದುಕಿದರು. ಗಂಡ ವರ್ಷವಿಡೀ ಮನೆಯಲ್ಲಿದ್ದರು, ಆದರೆ ಅತ್ತೆಯ ಆ ನಗು ಗೋಡೆಯಾಚೆ ಮತ್ತೆ ಕೇಳಲಿಲ್ಲ. ಅವರು ಕೋಲೂರಿ ಅಂಗಳ ದಾಟುವಾಗಲೆಲ್ಲ ಅವಳು ಕೈಕೆಲಸ ಬಿಟ್ಟು ನೋಡುತ್ತಿದ್ದಳು. "ಇರಿ ಅಂತ ಒಂದ್ ಮಾತು ಅನ್ಬೋದಾಗಿತ್ತು. ನಾನೇ ಕಳಿಸ್ಬುಟ್ಟೆ ಕಣೋ" ಎನ್ನುತ್ತಿದ್ದಳು. ಆಮೇಲೆ ಅವಳು ಯಾರನ್ನೂ ಹೋಗು ಎಂದು ಬೀಳ್ಕೊಡಲಿಲ್ಲ. ನಾನು ಶಾಲೆಗೆ ಹೊರಟರೂ ಅಷ್ಟೇ, ಬಾಗಿಲು ಹಿಡಿದು ಸುಮ್ಮನೆ ನಿಲ್ಲುವಳು. ಗೌರಿಹಬ್ಬದ ದಿನ ಮನೆಯಲ್ಲಿ ಸಿಹಿ ಮಾಡಿದರೂ ತಾನು ಬಾಯಿಗೆ ಹಾಕುತ್ತಿರಲಿಲ್ಲ. ಹಕ್ಕಳೆಯನ್ನು ಮಾತ್ರ ತುಪ್ಪ ಸವರಿ ಮತ್ತೆ ನನ್ನ ಕೈಗೇ ಕೊಡತೊಡಗಿದಳು. ನಾನು ತಿನ್ನುತ್ತಿದ್ದೆ.

ಹೈಸ್ಕೂಲು ಮುಗಿಸಿದ ವರ್ಷ, ಒಂದು ಮಳೆಯ ಸಂಜೆ ಮಾವನೂ ನಾನೂ ಜಗಲಿಯಲ್ಲಿದ್ದೆವು. ಮಾವ ಕಾಲುವೆಯ ನೀರನ್ನೇ ನೋಡುತ್ತ ಕೇಳಿದರು: "ಅವತ್ತು ರೇಡಿಯೋದಲ್ಲಿ ಹಾಡು ಒಳ್ಳೇದಿತ್ತಾ?"

ಬಂದರಿನಲ್ಲಿ ಇಳಿದ ದಿನವೇ ಅವರಿಗೆ ಎಲ್ಲ ತಿಳಿದಿತ್ತು. ಅಷ್ಟು ವರ್ಷ ಅದರ ಬಗ್ಗೆ ಒಂದು ಮಾತೂ ಆಡದೆ ನನ್ನ ಜೊತೆ ಉಂಡಿದ್ದರು. ನಾನು ಅವರ ಆ ಕಾಲಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರು ಬೆನ್ನು ತಟ್ಟಿದರು. "ನಂದು ಬಿಡು ಮಾರಾಯ. ಸಣ್ಣವ ನೀನು, ಅಷ್ಟೆ. ಅವಳು ತಾನೇ ಕಳ್ಸಿದ್ದು ಅಂತ ಹೊತ್ಕೊಂಡು ಕೂತಿದ್ದಾಳೆ. ಅದನ್ನು ನೀನೇ ಇಳಿಸ್ಬೇಕು. ನಾನು ಹೇಳೂದಿಲ್ಲ."

ಹೇಳುತ್ತೇನೆ ಎಂದೆ. ನಾಳೆ ಎಂದುಕೊಂಡೆ. ನೌಕರಿ ಸಿಕ್ಕಲಿ, ಮದುವೆಯಾಗಲಿ, ಹಬ್ಬ ಕಳೆಯಲಿ ಎಂದುಕೊಂಡೆ. ಮಾವ ಮಾತಿಗೆ ತಪ್ಪದೆ, ಹೇಳದೆಯೇ ತೀರಿಕೊಂಡರು. ಅವಳಿಗೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಆ ಕೈಯೂ ನನ್ನ ತಲೆಯಿಂದ ಸರಿದುಬಿಟ್ಟರೆ ಎಂಬ ಹೆದರಿಕೆ ನನಗೆ ಮೀಸೆ ನರೆತ ಮೇಲೂ ಹೋಗಲಿಲ್ಲ. ಕೊನೆಗಾಲದಲ್ಲಿ ಅವಳು ಹಾಸಿಗೆ ಹಿಡಿದಾಗ ದಿನವೂ ಪಕ್ಕದಲ್ಲಿ ಕೂತು ಕಾಲೊತ್ತುತ್ತಿದ್ದೆ. ಒಂದು ದಿನ ಹೊರಗೆ ಮಳೆ ಹಿಡಿದಿತ್ತು. ಕಿಟಕಿಯತ್ತ ತಿರುಗಿ, "ಮಳೆ ಬಂತಲ್ಲ, ಬತ್ತಾರೆ ಬುಡು" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಈ ಸಲ ನಾನು ಹೋಗಿ ಅನ್ನಲ್ಲ ಕಣೋ" ಎಂದಳು. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ನಾನು ಕಾಲೊತ್ತುತ್ತಲೇ ಇದ್ದೆ.

ಅವಳು ಹೋದಳು, ಮನೆಯೂ ಹೋಯಿತು. ಈಗ ಅಲ್ಲಿ ಸ್ಕೂಟರ್ ರಿಪೇರಿ ಅಂಗಡಿಯಿದೆ. ಕಾಲುವೆಯ ಮೇಲೆ ಕಲ್ಲು ಚಪ್ಪಡಿ ಬಿದ್ದಿದೆ; ಮಳೆ ಜೋರಾದರೆ ಅದರಡಿ ನೀರು ಹೋಗುವ ಸದ್ದು ಕೇಳುತ್ತದೆ. ಕ್ಷೌರ ಮುಗಿಸಿಕೊಂಡು ಮೊನ್ನೆ ಅಲ್ಲಿಗೇ ಹೋದೆ. ಗ್ರೀಸಿನ ವಾಸನೆಯ ನಡುವೆ ಚಪ್ಪಡಿಯ ಮೇಲೆ ಕೊಡೆ ಹಿಡಿದು ನಿಂತೆ. "ಗಾಡಿ ತಂದಿದ್ದೀರಾ ಯಜಮಾನ್ರೇ?" ಎಂದು ಅಂಗಡಿಯವನು ಕೇಳಿದ. ಇಲ್ಲಪ್ಪ ಎಂದೆ. ಅವನು ಒಳಗೆ ಹೋದ ಮೇಲೆ, ಕಾಲಡಿಯ ನೀರಿಗೆ ಕೇಳಿಸುವಷ್ಟು ಮೆಲ್ಲಗೆ, ಅಂದು ರೇಡಿಯೋದಲ್ಲಿ ಓದಿದ ಎಚ್ಚರಿಕೆಯನ್ನು ಒಂದು ಮಾತೂ ಬಿಡದೆ ಒಪ್ಪಿಸಿದೆ. ಕೇಳಬೇಕಾದವಳು ಇರಲಿಲ್ಲ. ಮಳೆಗಾಲದಲ್ಲಿ ಮಾವ ಮಾತ್ರ ಕರೆಯುತ್ತಿದ್ದ ಅವಳ ಹೆಸರನ್ನು ನಾನು ಒಮ್ಮೆಯೂ ಬಾಯಿಬಿಟ್ಟು ಹೇಳಿದವನಲ್ಲ. ಈಗ ಹೇಳುತ್ತಿದ್ದೇನೆ: ಪುಟ್ಟತಾಯಮ್ಮ.