ಮೂರನೆಯ ಪಟ್ಟಿಯ ಮಗಳು

ಕೇಂದ್ರ ಸರ್ಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ನಾನು ಬರೆದದ್ದು ಹೆಚ್ಚುಕಡಿಮೆ ಒಂದೇ ವಾಕ್ಯ: 'ವಿಷಯವು ರಾಜ್ಯಕ್ಕೆ ಸಂಬಂಧಿಸಿದ್ದು, ರಾಜ್ಯಕ್ಕೆ ಕಳುಹಿಸಬಹುದು.' ನಾಚಿಕೆ ಬಿಟ್ಟು ಹೇಳುತ್ತೇನೆ, ಎಷ್ಟೋ ಸಲ ಕಾಗದವನ್ನು ಓದದೆಯೇ ಬರೆದಿದ್ದೇನೆ. ಸಂವಿಧಾನ ಅಧಿಕಾರವನ್ನು ಮೂರು ಪಟ್ಟಿಗಳಲ್ಲಿ ಹಂಚಿದೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ್ದು. ದೆಲ್ಲಿಯ ಜನಕಪುರಿಯ ನಮ್ಮ ಮನೆಯಲ್ಲಿ ಟೀವಿ ಮೂರನೆಯ ಪಟ್ಟಿಯಲ್ಲಿದೆ. ಹಕ್ಕು ಇಬ್ಬರಿಗೂ ಉಂಟು, ತಕರಾರು ಬಂದರೆ ಕೇಂದ್ರದ ಮಾತು ನಡೆಯುತ್ತದೆ. ಕೇಂದ್ರ ಎಂದರೆ ನನ್ನ ಹೆಂಡತಿ ಸುಧಾ.

ಮಗಳನ್ನು ಒಂದನೆಯ ಕ್ಲಾಸಿಗೆ ಸೇರಿಸುವಾಗ ನನ್ನ ವಾಕ್ಯ ನನ್ನನ್ನೇ ಹುಡುಕಿಕೊಂಡು ಬಂತು. ಅವಳು ಹುಟ್ಟಿದ್ದು ತುಮಕೂರಿನಲ್ಲಿ. ಜನನಪತ್ರ ಅಂಕಿಗಳ ಸಮೇತ ಕನ್ನಡದಲ್ಲಿತ್ತು. ಶಾಲೆಯ ಗುಮಾಸ್ತ ಅದನ್ನು ತಿರುಗಿಸಿ ನೋಡಿ, "ಸರ್‌ಜೀ, ಯೇ ತೋ ಕರ್ನಾಟಕ್ ಕಾ ಮಾಮ್ಲಾ ಹೈ" ಎಂದ. ಇದು ಕರ್ನಾಟಕದ ವಿಷಯವಂತೆ. ಶನಿವಾರದೊಳಗೆ ಇಂಗ್ಲಿಷಿನಲ್ಲಿ ತರದಿದ್ದರೆ ಸೀಟು ಬೇರೆಯವರಿಗೆ. ಊರಿನ ಕಚೇರಿಗೆ ಫೋನು ಮಾಡಿದರೆ, "ದೆಲ್ಲಿಯವ್ರಿಗೆ ಬೇಕಾದ್ರೆ ದೆಲ್ಲಿಯಲ್ಲೇ ಮಾಡಿಸ್ಕೊಳ್ಳಿ ಸಾರ್" ಎಂದರು. ಜನನ ನೋಂದಣಿ ಮೂರನೆಯ ಪಟ್ಟಿಯ ವಿಷಯ. ಇಬ್ಬರಿಗೂ ಸೇರಿದ್ದು ಯಾರಿಗೂ ಬೇಡವಾಗುವುದು ಹೇಗೆಂದು ಅಂದು ತಿಳಿಯಿತು. ನಿಜಕ್ಕೂ ಹೆದರಿದೆ.

ಕೊನೆಗೆ ಗುಮಾಸ್ತನೇ ಕರಗಿ, ಅನುವಾದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಇದ್ದರೆ ಸಾಕೆಂದ. ಅನುವಾದ ನಾನೇ ಮಾಡಿದೆ. ಗೆಜೆಟೆಡ್ಡೂ ನಾನೇ; ಆದರೆ ಅಪ್ಪನ ಮೊಹರು ಮಗಳಿಗೆ ನಡೆಯದು. "ಮೇಲಿನ ಮನೆ ಮೊಹಂತಿಯವ್ರನ್ನ ಕೇಳಿ" ಎಂದಳು ಸುಧಾ. ಮೊಹಂತಿ ಒರಿಸ್ಸಾದವರು, ಅವರೂ ಗೆಜೆಟೆಡ್ ಅಧಿಕಾರಿ, ಓದದೆ ಸಹಿ ಹಾಕುವವರಲ್ಲ. ಕನ್ನಡದಲ್ಲಿ ಏನು ಓದಿಯಾರು ಎಂದುಕೊಂಡೇ ಮೆಟ್ಟಿಲು ಹತ್ತಿದೆ.

ಅವರು ಕನ್ನಡಕ ಏರಿಸಿ, ೧೨-೩ ಎಂಬಲ್ಲಿ ಬೆರಳಿಟ್ಟು, "ಬಾರಹ್ ಮಾರ್ಚ್, ಠೀಕ್ ಹೈ ನಾ?" ಎಂದರು. ನಾನು ಬೆಪ್ಪಾದೆ. ಒಡಿಯಾದಲ್ಲೂ ಒಂದು, ಎರಡು, ಮೂರನ್ನು ಹೆಚ್ಚುಕಡಿಮೆ ಹೀಗೆಯೇ ಬರೆಯುತ್ತಾರಂತೆ. ಉಳಿದದ್ದನ್ನು ನನ್ನಿಂದ ಸಾಲುಸಾಲಾಗಿ ಓದಿಸಿ, ಅನುವಾದಕ್ಕೆ ಹೋಲಿಸಿ ಮೊಹರು ಒತ್ತಿದರು. ಶನಿವಾರ ಬೆಳಿಗ್ಗೆ ಗುಮಾಸ್ತ "ಚಲೋ, ಹೋ ಗಯಾ" ಎಂದಾಗ ಎದೆ ಹಗುರಾಯಿತು. ಗೇಟಿನ ಹೊರಗೆ ಗಾಡಿ ನಿಲ್ಲಿಸಿದ್ದ ಭಯ್ಯಾನ ಹತ್ತಿರ ಮಗಳಿಗೊಂದು, ನನಗೊಂದು ಕುಲ್ಫಿ ಕೊಂಡು, ಅವಳಿಗಿಂತ ಮೊದಲು ನನ್ನದನ್ನು ಮುಗಿಸಿದೆ.

ಸೋಮವಾರ ಮೇಜಿನ ಮೇಲೆ ತೆಲುಗಿನ ಅರ್ಜಿಯೊಂದಿತ್ತು. ಕೈ ಹಳೆಯ ವಾಕ್ಯಕ್ಕೆ ಹೊರಟಿತ್ತು. ತಡೆದು, ಕನ್ನಡಕ ಏರಿಸಿದೆ. ತೆಲುಗು ಅಕ್ಷರಗಳೇನು ನಮಗೆ ಹೊರಗಿನವಲ್ಲ. ಕೂಡಿಸಿ ಓದಿದರೆ, ಕಡಲತೀರದ ಮೇಷ್ಟರೊಬ್ಬರು ಹಡಗುಗಳಿಗೆ ದಾರಿ ತೋರುವ ತಮ್ಮೂರಿನ ದೀಪಸ್ತಂಭದ ಮೇಲಕ್ಕೆ ಶಾಲೆಯ ಮಕ್ಕಳನ್ನು ಕರೆದೊಯ್ಯಲು ಅನುಮತಿ ಕೇಳಿದ್ದರು. ದೀಪಸ್ತಂಭ ಕೇಂದ್ರದ ಪಟ್ಟಿಯಲ್ಲಿದೆ, ಅಂದರೆ ನಮ್ಮದೇ. ಅರ್ಜಿ ಎರಡು ಸಲ ನನ್ನ ಕೈಬರಹ ಹೊತ್ತು ರಾಜ್ಯಕ್ಕೆ ಹೋಗಿ ಬಂದಿತ್ತು. ಆ ಮಕ್ಕಳು ಇನ್ನೂ ಶಾಲೆ ಬಿಟ್ಟಿರಲಾರರೆಂಬ ಧೈರ್ಯದಿಂದ 'ಅನುಮತಿ ಕೊಡಬಹುದು' ಎಂದು ಬರೆದೆ.