ಬೋರ್ಡಿನಲ್ಲಿಲ್ಲದ ಬೈಟೂ ಕಾಫಿ

ಶುಕ್ರವಾರ ಮಧ್ಯಾಹ್ನ ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ನಸ್ರೀನ್ ಆಂಟಿಯ ಅಡುಗೆಮನೆಯಲ್ಲಿ ಮೂವರಿದ್ದೆವು: ಒಲೆಯ ಮುಂದೆ ಆಂಟಿ, ಬಟಾಣಿ ಸುಲಿಯುತ್ತ ನನ್ನ ಹೆಂಡತಿ ಸುಧಾ, ಲ್ಯಾಪ್‌ಟಾಪಿನೆದುರು ತಲೆ ಕೆರೆದುಕೊಳ್ಳುತ್ತ ನಾನು. ಮೈಸೂರಿನವರಾದ ಆಂಟಿ ಊಟ ಮಾಡಿಕೊಡುವ ವ್ಯಾಪಾರ ಶುರುಮಾಡಿದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ ಭಾನುವಾರದ ಕನ್ನಡ ಕೂಟದ ಊಟ. ಒಂದೊಂದು ಮನೆಯವರೂ ಆನ್‌ಲೈನಿನಲ್ಲಿ ತಮ್ಮ ತಮ್ಮ ಊಟ ಕಾಯ್ದಿರಿಸಿದ್ದರು. ಅಷ್ಟರಲ್ಲಿ ಸ್ನೋ ಸ್ಟಾರ್ಮ್ ಸುದ್ದಿ ಬಂತು, ಕೂಟ ಒಂದು ವಾರ ಮುಂದಕ್ಕೆ ಹೋಯಿತು. ಈಗ ಎಲ್ಲ ಆರ್ಡರುಗಳನ್ನೂ ಮುಂದೂಡಬೇಕು, ಒಬ್ಬ ಗಿರಾಕಿಯೂ ಕೈತಪ್ಪಬಾರದು. ಆಂಟಿಗೆ ಆ ಆರ್ಡರು ನೋಡಿಕೊಳ್ಳುವ ಪ್ರೋಗ್ರಾಂ ಬರೆದುಕೊಟ್ಟ ಪುಣ್ಯಾತ್ಮ ನಾನೇ.

ಆರ್ಡರುಗಳೆಲ್ಲ ಇರುವುದು ಯಾವುದೋ ವೆಬ್ ಸರ್ವಿಸಿನಲ್ಲಿ. ಅದರ ಜೊತೆ ಮಾತಾಡಲು ಅವರೇ ಒಂದು ಲೈಬ್ರರಿ ಕೊಟ್ಟಿದ್ದಾರೆ. ಪುಸ್ತಕದ ಲೈಬ್ರರಿಯಲ್ಲ, ನಮ್ಮ ಪರವಾಗಿ ಅಡುಗೆಮನೆಗೆ ಕೂಗಿ ಹೇಳುವ ಹೋಟೆಲ್ ಮಾಣಿ ಎಂದುಕೊಳ್ಳಿ. ಈ ಮಾಣಿಗೆ ನಾಲ್ಕೇ ಮಾತು ಬಾಯಿಪಾಠ: ತೋರಿಸು, ಸೇರಿಸು, ತಿದ್ದು, ಅಳಿಸು. ಖಾತ್ರಿಯಾದ ಆರ್ಡರಿನ ತಾರೀಖು ತಿದ್ದಲು ಹೋದರೆ ಸರ್ವಿಸು ಒಲ್ಲೆ ಎಂದಿತು. ಅಳಿಸಿ ಹೊಸದಾಗಿ ಸೇರಿಸೋಣವೆಂದರೆ ಮನೆಮನೆಗೂ ‘ನಿಮ್ಮ ಊಟ ರದ್ದಾಗಿದೆ’ ಎಂಬ ಸಂದೇಶ ಹೋಗುತ್ತದೆ. ಅದನ್ನು ಓದಿದವರು ಮತ್ತೆ ಈ ಕಡೆ ತಲೆ ಹಾಕುತ್ತಾರೆಯೇ?

“ಮುಂದೂಡೋಕೆ ಅವ್ರ ಹತ್ರ ದಾರೀನೇ ಇಲ್ವೇನಪ್ಪಾ?” ಎಂದರು ಆಂಟಿ.

“ಇದೆ ಆಂಟಿ. ‘ಮುಂದೂಡು’ ಅಂತಾನೇ ಒಂದು ಮೆಥಡ್ ಇದೆ, ಅಂದ್ರೆ ಐದನೇ ಮಾತು, ಅವರದೇ ಸ್ಪೆಷಲ್ಲು. ಆದ್ರೆ ಈ ಲೈಬ್ರರಿಗೆ ಅದು ಗೊತ್ತಿಲ್ಲ.”

ಆಂಟಿ ಸೌಟು ಕೆಳಗಿಟ್ಟರು. “ಮೈಸೂರಲ್ಲಿ ಬೈಟೂ ಕಾಫಿ ಯಾವ ಹೋಟೆಲ್ ಬೋರ್ಡಲ್ಲಿ ಬರ್ದಿತ್ತು ಹೇಳು? ಒಂದು ಕಾಫಿ, ಎರಡು ಲೋಟ. ಕೇಳಿದ್ವಿ, ಕೊಟ್ರು!”

“ಯಾರಿಗೆ ಹೇಳ್ತಿದೀರ ಆಂಟಿ!” ಎಂದಳು ಸುಧಾ. “ದೋಸೆಗೆ ಇನ್ನೊಂಚೂರು ಚಟ್ನಿ ಕೇಳೋಕೂ ಇವ್ರು ನನ್ನನ್ನೇ ಮುಂದೆ ತಳ್ತಾರೆ.”

ಆರೋಪ ನಿಜ. ಅಳದ ಕೂಸಿಗೆ ಹೆತ್ತವಳೂ ಹಾಲು ಕೊಡಳು ಎಂದು ಅಜ್ಜಿ ಎಷ್ಟು ಸಲ ಹೇಳಿದರೂ ನಾನು ಬೋರ್ಡಿನಲ್ಲಿ ಬರೆದದ್ದನ್ನಷ್ಟೇ ತಿಂದು ಬೆಳೆದವನು. ಶಾಸ್ತ್ರಕ್ಕಿಂತ ರೂಢಿ ಬಲವಾದದ್ದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೋರ್ಡು ಶಾಸ್ತ್ರ, ಬೈಟೂ ರೂಢಿ.

ಬೋರ್ಡಿನಲ್ಲಿಲ್ಲದ್ದನ್ನು ಕೇಳುವ ದಾರಿ ಇದೆಯೇ ಎಂದು ಲೈಬ್ರರಿಯ ತಳ ಕೆದಕಿದೆ. ಮೂಲೆಯಲ್ಲೊಂದು ಫಂಕ್ಷನ್ ಕೂತಿತ್ತು: ಮೆಥಡ್ಡಿನ ಹೆಸರು, ಆರ್ಡರಿನ ವಿಳಾಸ, ಹೊಸ ತಾರೀಖು ನೀವೇ ಹೇಳಿ, ತಲುಪಿಸುವುದು ನನ್ನ ಕೆಲಸ ಎನ್ನುವಂಥದ್ದು. ಮೊದಲು ಸಂಕೋಚದಿಂದ ‘ಗೆಟ್’, ಅಂದರೆ ಬರೀ ತೋರಿಸಿ, ಎಂದು ಕಳಿಸಿದೆ. ಬಾಗಿಲಲ್ಲೇ ತಡೆದರು. ಸುಮ್ಮನೆ ನೋಡಿ ಹೋಗಲು ಬಂದವನ ಹಾಗೆ ನಿಂತರೆ ಯಾರು ಕಾಫಿ ಕೊಡುತ್ತಾರೆ? ‘ಪೋಸ್ಟ್’, ಅಂದರೆ ಈ ಕೆಲಸ ಮಾಡಿಕೊಡಿ, ಎಂದು ಬದಲಿಸಿ, ನಮ್ಮ ಮನೆಯ ಆರ್ಡರಿನ ಮೇಲೇ ಪ್ರಯೋಗ ಮಾಡಿದೆ. ತಾರೀಖು ಮುಂದಕ್ಕೆ ಸರಿಯಿತು! ಮಿಕ್ಕವೂ ಒಂದರ ಹಿಂದೊಂದು ಸರಿದವು. ಆಂಟಿ ನನ್ನ ಬಾಯಿಗೆ ಬಿಸಿ ಬಟಾಣಿ ಪಲಾವು ತುರುಕಿದರು. ಅದನ್ನು ಮಾತ್ರ ನಾನು ಕೇಳಿರಲಿಲ್ಲ.

ಮುಂದಿನ ಭಾನುವಾರ ಎಲ್ಲರೂ ಊಟಕ್ಕೆ ಬಂದರು. ಪಾತ್ರೆಗಳು ಖಾಲಿಯಾದವು, ಆಂಟಿಯ ಮುಖದಲ್ಲಿ ನಗು ತುಂಬಿತು. ಮರಳುವಾಗ ನಾನೂ ಸುಧಾಳೂ ಹೈವೇ ಪಕ್ಕದ ಡೈನರಿಗೆ ಹೋದೆವು. ಸುಧಾಳನ್ನು ಮುಂದೆ ತಳ್ಳದೆ ನಾನೇ ಬಾಯಿಬಿಟ್ಟು ಕೇಳಿದೆ: ಒಂದು ಕಾಫಿ, ಎರಡು ಕಪ್ಪು. ಬಡಿಸುವಾಕೆ ನಕ್ಕು, ಎರಡು ಕಪ್ಪು ತಂದಿಟ್ಟು, ಎರಡನ್ನೂ ಕಂಠಮಟ್ಟ ತುಂಬಿಸಿ ಹೋದಳು.